ಬೀಗದ ಕೈ ಕೊಡುವ ಮುನ್ನ

ತಂಗೀ, ಬರುವ ಒಂದನೇ ತಾರೀಖಿನಿಂದ ಆಫೀಸಿನ ಬೀಗದ ಕೈ ಗೊಂಚಲು ನಿನ್ನ ಹತ್ತಿರ ಇರುತ್ತದೆ. 31 ವರ್ಷ ನನ್ನ ಅಂಗಿ ಕಿಸೆಗಳನ್ನು ಹರಿದು ಹಾಕಿದ ಗೊಂಚಲು ಅದು. ಹಿತ್ತಾಳೆಯದು ಮುಂಬಾಗಿಲಿಗೆ, ಉದ್ದನೆಯದು ಗೋದ್ರೇಜ್ ಕಪಾಟಿಗೆ, ತುಕ್ಕು ಹಿಡಿದದ್ದು ಯಾವುದಕ್ಕೂ ಅಲ್ಲ, ಆದರೂ ಬಿಸಾಡಬೇಡ. ಕಂಪ್ಯೂಟರುಗಳಿಗೆ ಮಾತ್ರ ಆ ಗೊಂಚಲಿನಲ್ಲಿ ಕೀಲಿಯಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನೀನು ಬಿಸಿಎ ಮಾಡಿದವಳು. ಆ ಡಬ್ಬದ ಹೊಟ್ಟೆಯೊಳಗೆ ಏನಿದೆ ಎಂಬುದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ನಾನು ಶಿರಸಿಗೆ ಬಂದಾಗ ಆಫೀಸಿನಲ್ಲಿ ಇದ್ದದ್ದು ಒಂದು ಕನ್ನಡ ಟೈಪ್‌ರೈಟರು, ಒಂದು ಇಂಗ್ಲಿಷ್ ಟೈಪ್‌ರೈಟರು, ಎರಡಕ್ಕೂ ಸೇರಿ ಒಂದೇ ಎಣ್ಣೆ ಡಬ್ಬಿ. ನಿನಗೆ ಕಂಪ್ಯೂಟರ್ ಪಾಠ ಹೇಳುವ ಯೋಗ್ಯತೆ ನನಗಿಲ್ಲ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬಲ್ಲೆ: ವಕೀಲರ ಆಫೀಸಿನಲ್ಲಿ ಕಂಪ್ಯೂಟರ್ ಕಾಯುವುದು ಎಂಜಿನಿಯರ್ ಕೆಲಸವಲ್ಲ, ಗುಮಾಸ್ತನ ಕೆಲಸ. ಮುದ್ದತು ತಪ್ಪಬಾರದು, ಕಾಗದ ಕಳೆಯಬಾರದು, ಬಾಯಿ ಬಿಡಬಾರದು. ನನಗಿಂತ ಮುಂಚಿನ ಗುಮಾಸ್ತರು ನನಗೆ ಕಲಿಸಿದ ವಿದ್ಯೆ ಇಷ್ಟೇ. ಕಂಪ್ಯೂಟರು ಬಂದಾಗ ಕಪಾಟು ಬದಲಾಯಿತು, ವಿದ್ಯೆ ಬದಲಾಗಲಿಲ್ಲ.

ಬಾಯಿ ಬಿಡಬಾರದು ಎನ್ನುವುದು ಬರಿಯ ಮರ್ಯಾದೆಯ ಮಾತಲ್ಲ, ಕಾನೂನು. 1872ರ ಸಾಕ್ಷ್ಯ ಅಧಿನಿಯಮದ 126ನೇ ಕಲಮು ಕಕ್ಷಿದಾರ ನಂಬಿ ಹೇಳಿದ್ದನ್ನು ಹೊರಗೆ ಆಡದಂತೆ ವಕೀಲರ ಬಾಯಿ ಕಟ್ಟಿತ್ತು. 127ನೆಯದು ಅದೇ ಕಟ್ಟನ್ನು ಗುಮಾಸ್ತರಿಗೂ ಬಿಗಿದಿತ್ತು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂತು, ಅಲ್ಲಿ ಇದು 132ನೇ ಕಲಮು. ಗುಮಾಸ್ತರ ಜೊತೆ ನೌಕರರು ಎಂಬ ಶಬ್ದವೂ ಅದರಲ್ಲಿದೆ. ಅಂದರೆ ನೀನು.

ಈಗ ನನ್ನ ಮಾನ ಹೋದ ಕಥೆ ಕೇಳು. ಕೆಲವು ವರ್ಷದ ಹಿಂದಿನ ಆಷಾಢ. ಬೆಳಿಗ್ಗೆ ಬಂದು ಸ್ವಿಚ್ ಹಾಕಿದರೆ ಡಬ್ಬದೊಳಗಿಂದ ಗೋಡೆ ಗಡಿಯಾರದ ಹಾಗೆ ಟಿಕ್, ಟಿಕ್. ಪರದೆ ಕಪ್ಪು. ರಿಪೇರಿಯ ಹುಡುಗ ಬಂದು, ಕಿವಿಯಿಟ್ಟು ಕೇಳಿ, "ಹಾರ್ಡ್‌ಡಿಸ್ಕ್ ಹೋತು" ಎಂದ. ನಾನು ಹೆದರಲಿಲ್ಲ. ಎರಡು ವರ್ಷದಿಂದ ಪ್ರತಿ ಶನಿವಾರ ತಪ್ಪದೇ ಬ್ಯಾಕಪ್ ತೆಗೆದವನು ನಾನು. ಕಪಾಟಿನಿಂದ ಪೆನ್‌ಡ್ರೈವ್ ತೆಗೆದು ಗತ್ತಿನಿಂದ ಕೊಟ್ಟೆ. ಅವನು ತನ್ನ ಲ್ಯಾಪ್‌ಟಾಪಿಗೆ ಚುಚ್ಚಿದ. ದಾವಾ, ಕೈಫಿಯತ್ತು, ಅಪೀಲು, ನೋಟೀಸು, ಎಲ್ಲ ಹೆಸರೂ ಸಾಲಾಗಿ ಬಂದವು. ಒಂದೊಂದರ ಮೂಲೆಯಲ್ಲೂ ಸಣ್ಣದೊಂದು ಬಾಣದ ಗುರುತು. ಒಂದೊಂದರ ತೂಕ 2 ಕೆಬಿ. ಎರಡು ವರ್ಷ ನಾನು ನಕಲು ಮಾಡಿಟ್ಟದ್ದು ಡೆಸ್ಕ್‌ಟಾಪಿನ ಮೇಲಿನ ಶಾರ್ಟ್‌ಕಟ್ಟುಗಳನ್ನು. ಮನೆ ಸುಟ್ಟು ಹೋಗಿತ್ತು, ನನ್ನ ಕೈಯಲ್ಲಿದ್ದದ್ದು ಮನೆಯ ವಿಳಾಸ.

ದಾವೆಗಳ ಪ್ರತಿ ಕಟ್ಟುಗಳಲ್ಲಿ ಇತ್ತು. ಇಲ್ಲದವಕ್ಕೆ ಕೋರ್ಟಿನಲ್ಲಿ ನಕಲು ಅರ್ಜಿ ಹಾಕಿದೆವು. ಕೆಲವಕ್ಕೆ ನಾನು ಎದುರು ಪಕ್ಷದ ವಕೀಲರ ಆಫೀಸಿಗೇ ಹೋಗಿ ನಿಂತೆ. ಅವರು ನಕ್ಕು, ಚಹಾ ತರಿಸಿ, ನಮ್ಮದೇ ದಾವೆಯನ್ನು ತಮ್ಮ ಫೈಲಿನಿಂದ ಜೆರಾಕ್ಸ್ ಮಾಡಿಸಿ ಕೊಟ್ಟರು. (ಎದುರು ಪಕ್ಷದವರ ಜೊತೆ ಯಾವತ್ತೂ ಮುಖ ಕೆಡಿಸಿಕೊಳ್ಳಬೇಡ. ಅವರೂ ಒಂದು ಬ್ಯಾಕಪ್ಪೇ.) ಆದರೆ ಒಂದು ಹಿಸ್ಸೆ ದಾವೆಗೆಂದು ನಮ್ಮ ವಕೀಲರು ಮೂರು ರಾತ್ರಿ ಕೂತು ಮಾಡಿದ ಪಾಟೀಸವಾಲಿನ ಟಿಪ್ಪಣಿ ಇತ್ತು. ಅದನ್ನು ಯಾರಿಗೂ ಕೊಟ್ಟಿರಲಿಲ್ಲ, ಕೊಡುವಂಥದ್ದೂ ಅಲ್ಲ. ಹಾಗಾಗಿ ಎಲ್ಲಿಯೂ ಸಿಗಲಿಲ್ಲ. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಅಂದಿನಿಂದ "ಬ್ಯಾಕಪ್ ತೆಗೆದೆ" ಎಂದರೆ ನಾನು ನಂಬುವುದಿಲ್ಲ, "ಬ್ಯಾಕಪ್ಪಿನಿಂದ ತೆರೆದು ನೋಡಿದೆ" ಎಂದರೆ ನಂಬುತ್ತೇನೆ. ತಿಂಗಳ ಮೊದಲ ಶನಿವಾರ ಕೈಗೆ ಸಿಕ್ಕ ಮೂರು ಫೈಲು ಆರಿಸು, ಬೇರೆ ಕಂಪ್ಯೂಟರಿನಲ್ಲಿ ತೆರೆ, ಕೊನೆಯ ಪುಟದವರೆಗೂ ಇಳಿ. ನೀಲಿ ರಟ್ಟಿನ ಪುಸ್ತಕದಲ್ಲಿ ತಾರೀಖು, ಫೈಲಿನ ಹೆಸರು ಬರೆದು ಸಹಿ ಹಾಕು. ಡಿಸ್ಕು ಎರಡಿವೆ, ಹಸಿರು ಸ್ಟಿಕರಿನದು ಒಂದು, ಕೆಂಪಿನದು ಒಂದು. ಒಂದು ಆಫೀಸಿನಲ್ಲಿದ್ದರೆ ಇನ್ನೊಂದು ಮನೆಯಲ್ಲಿ, ಶನಿವಾರ ಅದಲುಬದಲು. ನಕಲು ಮುಗಿದ ಕೂಡಲೇ ವೈರು ಕೀಳು. ಚುಚ್ಚಿಯೇ ಬಿಟ್ಟ ಡಿಸ್ಕನ್ನು ನಾನು ಬ್ಯಾಕಪ್ ಎನ್ನುವುದಿಲ್ಲ. ರ‍್ಯಾನ್ಸಮ್‌ವೇರ್ ನುಗ್ಗಿದ ದಿನ ಕಂಪ್ಯೂಟರಿನ ಜೊತೆ ಅದಕ್ಕೂ ಬೀಗ ಬೀಳುತ್ತದೆ. ಪೀಟರ್ ಕ್ರೋಗ್ ಎಂಬ ಅಮೆರಿಕದ ಫೋಟೋಗ್ರಾಫರ್ ಜನಪ್ರಿಯಗೊಳಿಸಿದ 3-2-1 ಲೆಕ್ಕ ನಿನ್ನ ಕಾಲೇಜಿನಲ್ಲಿ ಹೇಳಿರಬಹುದು: ಪ್ರತಿ ಮೂರು, ಬಗೆ ಎರಡು, ಒಂದು ಬೇರೆ ಜಾಗದಲ್ಲಿ. ಫೋಟೋ ಕಳೆದುಕೊಳ್ಳುವ ಭಯಕ್ಕೆ ಮಾಡಿದ ಲೆಕ್ಕ, ದಾವೆಗೂ ಸರಿಯಾಗಿ ಕೂರುತ್ತದೆ. ಬಸ್ಸಿನಲ್ಲಿ ಓಡಾಡುವ ಡಿಸ್ಕುಗಳಾದ್ದರಿಂದ ಎರಡಕ್ಕೂ ಬಿಟ್‌ಲಾಕರ್ ಹಾಕಿದೆ. ಅವುಗಳ 48 ಅಂಕಿಯ ರಿಕವರಿ ಕೀ ಕಾಗದದಲ್ಲಿ ಬರೆದು, ಲಕೋಟೆಗೆ ಅರಗು ಹಾಕಿ, ವಕೀಲರ ಬ್ಯಾಂಕ್ ಲಾಕರಿನಲ್ಲಿ ಇಟ್ಟಿದೆ. ಪಾಸ್‌ವರ್ಡೂ ಮರೆತು ಆ ಕಾಗದವೂ ಕಳೆದರೆ ಮಾರಿಕಾಂಬೆಗೆ ಹರಕೆ ಹೊತ್ತರೂ ಡಿಸ್ಕು ತೆರೆಯುವುದಿಲ್ಲ.

ಇನ್ನು ನಮ್ಮ ಊರಿನ ಶತ್ರುಗಳು. ಪೇಪರಿನವರು ಹ್ಯಾಕರ್, ಹ್ಯಾಕರ್ ಎನ್ನುತ್ತಾರೆ. ನಾನು ಕಂಡ ಹಾಗೆ ಕೋರ್ಟ್ ರಸ್ತೆಯ ಆಫೀಸುಗಳಲ್ಲಿ ಹೆಚ್ಚು ಕಂಪ್ಯೂಟರ್ ಕೊಂದದ್ದು ಏಪ್ರಿಲ್, ಮೇ ತಿಂಗಳ ಸಿಡಿಲು. ಗುಡುಗಿದರೆ ಪ್ಲಗ್ ಕೀಳುವುದು ಮಲೆನಾಡಿನವರಿಗೆ ಹುಟ್ಟುಗುಣ, ಆದರೆ ಕೀಳುವುದು ಕರೆಂಟಿನ ಪ್ಲಗ್ ಮಾತ್ರ. ಒಮ್ಮೆ ನಾನೂ ಹಾಗೇ ಮಾಡಿ ನೆಮ್ಮದಿಯಿಂದ ಮನೆಗೆ ಹೋದೆ. ಸಿಡಿಲು ಟೆಲಿಫೋನ್ ತಂತಿ ಹಿಡಿದು ಬಂದು ಮೋಡೆಮ್ ಸುಟ್ಟು, ಅಲ್ಲಿಂದ ಲ್ಯಾನ್ ವೈರಿನಲ್ಲಿ ನಡೆದು ಎರಡು ಮದರ್‌ಬೋರ್ಡು ತಿಂದಿತ್ತು. ಈಗಿನ ಫೈಬರು ಗಾಜಿನ ಎಳೆ, ಅದರೊಳಗೆ ಸಿಡಿಲು ಬರುವುದಿಲ್ಲ. ಅದರ ಡಬ್ಬಿಗೆ ಕರೆಂಟು ಬೇಕಲ್ಲ, ಆ ಅಡಾಪ್ಟರನ್ನೂ ಕೀಳು. ಅರ್ತಿಂಗ್ ಹೊಂಡ ಹಿತ್ತಲ ದಾಸವಾಳದ ಬುಡದಲ್ಲಿದೆ. ನಮ್ಮದು ಚಿರೇಕಲ್ಲಿನ ನೆಲ, ಬೇಸಿಗೆಯಲ್ಲಿ ಹೊಂಡ ಒಣಗಿದರೆ ಅರ್ತಿಂಗ್ ಇದ್ದೂ ಇಲ್ಲದ ಹಾಗೆ. ಶಿವರಾತ್ರಿ ಕಳೆದ ಮೇಲೆ ಮಳೆ ಹಿಡಿಯುವವರೆಗೆ ಎರಡು ದಿನಕ್ಕೊಂದು ಕೊಡ ನೀರು ಹಾಕು. ಮಳೆಗಾಲದಲ್ಲಿ ಬೇರೆ ಕಾಟ. ಬೆಚ್ಚಗಿದೆ ಎಂದು ಹಲ್ಲಿ ಎಸ್‌ಎಂಪಿಎಸ್ ಒಳಗೆ ಹೊಕ್ಕು, ತಾನೂ ಸುಟ್ಟು ಅದನ್ನೂ ಸುಡುತ್ತದೆ. ಡಬ್ಬದ ಹಿಂದೆ ತಗಡು ಬಿದ್ದುಹೋದ ಕಿಂಡಿ ಇದ್ದರೆ ಮುಚ್ಚು, ಗಾಳಿಯಾಡುವ ಜಾಲರಿ ಮುಚ್ಚಬೇಡ. ಕಾಗದ ತೇವ ಕುಡಿದು ಪ್ರಿಂಟರಿನಲ್ಲಿ ಸಿಕ್ಕಿಕೊಳ್ಳುತ್ತದೆಂದೇ ಕಪಾಟಿನ ಕೆಳಗಿನ ಖಾನೆಯಲ್ಲಿ ಸಣ್ಣ ಬಲ್ಬು ಉರಿಯುವುದು, ಕರೆಂಟು ದಂಡ ಎಂದು ಆರಿಸಬೇಡ. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಚುಚ್ಚಬೇಡ. ಕಾಯುವಾಗ ಅದು ಎಳೆಯುವ ಕರೆಂಟಿಗೆ ನಮ್ಮ ಯುಪಿಎಸ್ ಕೂಗಿ ಮಲಗುತ್ತದೆ.

ಇಷ್ಟೆಲ್ಲ ದೊಡ್ಡ ಶತ್ರುಗಳ ನಡುವೆ ಒಂದು ರೂಪಾಯಿ ಅಗಲದ ಶತ್ರುವೂ ಇದೆ. ಒಂದು ದಿನ ಇ-ಫೈಲಿಂಗ್ ತಾಣ ತೆರೆಯಲೊಲ್ಲದು. ಸುರಕ್ಷಿತವಲ್ಲ, ಹಿಂದೆ ಹೋಗಿ ಎಂದು ಕೆಂಪು ಅಕ್ಷರ. ನೆಟ್ಟಿನವರಿಗೆ ಫೋನು, ಕೋರ್ಟಿನ ಕಂಪ್ಯೂಟರ್ ವಿಭಾಗಕ್ಕೆ ಫೋನು. ಒಬ್ಬ ರಿಪೇರಿಯವನು ಹೊಸ ಕಂಪ್ಯೂಟರೇ ಬೇಕು ಎಂದ. ಚಹಾ ತಂದ ಹುಡುಗ ಪರದೆಯ ಮೂಲೆ ನೋಡಿ, "ಇದ್ರಲ್ಲಿ 2009ನೇ ಇಸವಿ ಇದ್ದಲ, ಮಾವ" ಎಂದ. ಮದರ್‌ಬೋರ್ಡಿನ ಮೇಲೆ ಸಿಆರ್2032 ಎಂಬ ಬಿಲ್ಲೆಯಂಥ ಸೆಲ್ ಇರುತ್ತದೆ, ಪ್ಲಗ್ ಕಿತ್ತಾಗಲೂ ಗಡಿಯಾರ ನಡೆಸುವುದು ಅದೇ. ಅದು ಸತ್ತರೆ ಕಂಪ್ಯೂಟರು ತಾನು ಹುಟ್ಟಿದ ವರ್ಷಕ್ಕೆ ಹೋಗಿ ಕೂರುತ್ತದೆ. ತಾರೀಖು ಹೊಂದದಿದ್ದರೆ ತಾಣದ ಪ್ರಮಾಣಪತ್ರವನ್ನು ಬ್ರೌಸರ್ ಒಪ್ಪುವುದಿಲ್ಲ. ವಾಚ್ ಅಂಗಡಿಯಿಂದ ಸೆಲ್ ತಂದು ಹಾಕಿದೆವು, ತಾಣ ತೆರೆಯಿತು. ಆದರೆ ಅಷ್ಟರೊಳಗೆ ಆ ಯಂತ್ರದಲ್ಲಿ ಉಳಿಸಿದ ತಿದ್ದಿದ ಕರಡುಗಳೆಲ್ಲ 2009ರ ತಾರೀಖು ಹೊತ್ತು ಪಟ್ಟಿಯ ತಳಕ್ಕೆ ಹೋಗಿ ಬಿದ್ದಿದ್ದವು. ಮೇಲೆ ಕಾಣುತ್ತಿದ್ದ ತಿದ್ದದ ಕರಡನ್ನೇ ನಾನು ಪ್ರಿಂಟ್ ತೆಗೆದು ಸಹಿಗೆ ಇಟ್ಟೆ. ನಮ್ಮ ವಕೀಲರು ಓದದೇ ಸಹಿ ಹಾಕುವವರಲ್ಲ, ಬದುಕಿದೆವು. ಅದಕ್ಕೇ ನಾನು ಫೈಲಿನ ಹೆಸರಿನಲ್ಲೇ ತಾರೀಖು ಬರೆಯುವುದು, ವರ್ಷ ಮೊದಲು, ಆಮೇಲೆ ತಿಂಗಳು, ದಿನ. ಕೇಸಿನ 16 ಅಕ್ಷರದ ಸಿಎನ್‌ಆರ್ ಸಂಖ್ಯೆಯನ್ನು ಫೋಲ್ಡರಿನ ಹೆಸರಿಗೇ ಸೇರಿಸು. "ಕೊನೆಯದು", "ನಿಜವಾದ ಕೊನೆಯದು" ಎಂದು ಹೆಸರಿಟ್ಟವರ ಗತಿ ನಾನು ನೋಡಿದ್ದೇನೆ.

ಜೆರಾಕ್ಸ್ ಅಂಗಡಿಯ ಮಾತಿಗೆ ಬರುತ್ತೇನೆ, ಇದನ್ನು ಎರಡು ಸಲ ಓದು. ಕೋರ್ಟಿನ ಗೇಟಿನ ಹೊರಗೆ, ಹನ್ನೊಂದು ಗಂಟೆಗೆ ಕೇಸು ಕರೆಯುವ ಹೊತ್ತಿಗೆ, ಎಲ್ಲರಿಗೂ ಅವಸರ. "ವಾಟ್ಸಾಪ್ ಮಾಡಿ ಸರ್, ಪ್ರಿಂಟ್ ಕೊಡ್ತೆ" ಎನ್ನುತ್ತಾನೆ ಅಂಗಡಿಯವನು. ಒಳ್ಳೆಯ ಹುಡುಗನೇ. ಒಮ್ಮೆ ನನ್ನ ಪ್ರಿಂಟಿಗೆ ಕಾಯುತ್ತ ಅವನ ಪರದೆ ನೋಡಿದೆ. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ವರ್ಷಗಟ್ಟಲೆಯ ಕಾಗದ: ಆಧಾರ್, ಪಹಣಿ, ಜಾಮೀನು ಅರ್ಜಿ, ಸಮ್ಮತಿ ವಿಚ್ಛೇದನ. ನಡುವೆ ಒಂದು ಮೃತ್ಯುಪತ್ರ. ಮೇಲೆ ಬರೆದ ಹೆಸರಿನ ಮನುಷ್ಯ ನನಗೆ ಗುರುತಿದ್ದವರು, ಹಿಂದಿನ ದಿನವೇ ಪೇಟೆಯಲ್ಲಿ ಅಡಿಕೆ ದರ ಮಾತಾಡಿದ್ದೆವು. ಯಾವ ಮಗನಿಗೆ ತೋಟ, ಯಾವ ಮಗನಿಗೆ ಬರೀ ಮನೆ ಎನ್ನುವುದು ಅವರ ಮಕ್ಕಳಿಗಿಂತ ಮೊದಲು ಆ ಅಂಗಡಿಗೆ ಬಂದ ಯಾರಿಗೆ ಬೇಕಾದರೂ ತಿಳಿಯುವ ಹಾಗಿತ್ತು. ಅದನ್ನು ಕಳಿಸಿದ ಗುಮಾಸ್ತನಿಗೆ ತಾನು ಗುಟ್ಟು ಬಿಟ್ಟುಕೊಟ್ಟೆ ಎಂಬ ಅರಿವೂ ಇರಲಾರದು. ಅವನು ಬಾಯಿ ಬಿಟ್ಟಿರಲಿಲ್ಲವಲ್ಲ! ಪೆನ್‌ಡ್ರೈವಿನ ಕಥೆ ಇದಕ್ಕೆ ಅಣ್ಣ. ಟೈಪಿಂಗ್ ಅಂಗಡಿಗೆ ಹೋಗಿ ಬಂದದ್ದು ಫೋಲ್ಡರುಗಳನ್ನೆಲ್ಲ ಬಚ್ಚಿಟ್ಟು ಶಾರ್ಟ್‌ಕಟ್ ತೋರಿಸುವ ವೈರಸ್ ಹೊತ್ತು ಬರುತ್ತದೆ. ಪ್ರಿಂಟು ಆಫೀಸಿನಲ್ಲೇ, ಹಿಂದಿನ ಸಂಜೆಯೇ. ಟೋನರ್ ಒಂದು ಹೆಚ್ಚಿಗೆ ತಂದಿಡು. ಹೊರಗೆ ಕೊಡಲೇಬೇಕಾದರೆ ಆ ಒಂದೇ ಫೈಲು ಇರುವ ಖಾಲಿ ಪೆನ್‌ಡ್ರೈವು, ವಾಪಸು ಬಂದ ಮೇಲೆ ಸ್ಕ್ಯಾನ್ ಮಾಡಿ ಫಾರ್ಮ್ಯಾಟ್. ಅಂಗಡಿಯ ಕಂಪ್ಯೂಟರಿನಲ್ಲಿ ನಿನ್ನ ವಾಟ್ಸಾಪ್ ತೆರೆಯುವ ಯೋಚನೆಯನ್ನೇ ಬಿಡು.

ಮೂಲೆಯ ಹಳೆ ಕಂಪ್ಯೂಟರು ನುಡಿ, ಬರಹದ ಹಳೆ ಅಕ್ಷರದಲ್ಲಿ ಬರೆದ ಫೈಲುಗಳಿಗಾಗಿ ಉಳಿದಿದೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಇಡೀ ದಾವೆ ಇಂಗ್ಲಿಷ್ ಅಕ್ಷರಗಳ ಸಂತೆಯಾಗಿ ಕಾಣುತ್ತದೆ. ಕೆಟ್ಟಿತೆಂದು ಅಳಿಸಬೇಡ. ಒಂದೊಂದಾಗಿ ಪಿಡಿಎಫ್ ಮಾಡು, ಪುರುಸೊತ್ತಾದಾಗ ಯೂನಿಕೋಡಿಗೆ ತಿರುಗಿಸು, ತಿರುಗಿಸಿದ ಮೇಲೆ ಸರ್ವೆ ನಂಬರು, ಚೆಕ್ಕುಬಂದಿ, ಅರ್ಕಾವತ್ತು ಕಣ್ಣಿಟ್ಟು ಓದು. ಹಳೆ ಕರಡಿನ ಮೇಲೆ ಹೊಸದನ್ನು ಕೂರಿಸುವಾಗ ಮೊದಲು ಬೇರೆ ಹೆಸರಿನಲ್ಲಿ ಉಳಿಸಿಕೋ, ಆಮೇಲೆ ಕೈ ಹಾಕು. ಹೆಸರು ಬದಲಿಸಲು ರೀಪ್ಲೇಸ್ ಆಲ್ ಒತ್ತುವ ಚಪಲ ಬೇಡ. ರವಿ ಎನ್ನುವ ಕಕ್ಷಿದಾರನ ಕರಡನ್ನು ಮಂಜುನಾಥ ಎನ್ನುವವನಿಗೆ ತಿದ್ದಲು ನಾನು ಹಾಗೆ ಒತ್ತಿ ಕೋರ್ಟಿಗೆ ಹಾಕಿದ್ದೆ. ನಮ್ಮ ಕಡೆ ಭಾನುವಾರಕ್ಕೆ ರವಿವಾರ ಎನ್ನುತ್ತೇವಲ್ಲ. ಪ್ರತಿವಾದಿಯು ದಿನಾಂಕ ಇಂತಿಷ್ಟರ ಮಂಜುನಾಥವಾರ ಬೆಳಿಗ್ಗೆ ವಾದಿಯ ಅಡಿಕೆ ತೋಟಕ್ಕೆ ಅಕ್ರಮವಾಗಿ ನುಗ್ಗಿದ ಎಂದು ಓದಿ ನ್ಯಾಯಾಧೀಶರು ಕನ್ನಡಕ ತೆಗೆದಿಟ್ಟರು. ಬಾರ್ ರೂಮಿನಲ್ಲಿ ಈಗಲೂ ನನ್ನನ್ನು ಆ ವಾರದ ಹೆಸರಿನಿಂದ ಕರೆಯುವವರಿದ್ದಾರೆ.

ಕಕ್ಷಿದಾರರು ಮೊಬೈಲಿನಲ್ಲಿ ಗಡಿ ಜಗಳದ ವಿಡಿಯೋ, ರೆಕಾರ್ಡ್ ಮಾಡಿದ ಮಾತು ತರುತ್ತಾರೆ. ವಾಟ್ಸಾಪಿನಲ್ಲಿ ಕಳಿಸುತ್ತೇನೆ ಎನ್ನುತ್ತಾರೆ, ಬೇಡ ಎನ್ನು. ವಾಟ್ಸಾಪ್ ವಿಡಿಯೋವನ್ನು ಹಿಂಡಿ ಸಣ್ಣದು ಮಾಡುತ್ತದೆ. ನೋಡಲು ಅದೇ ಜಗಳ, ಆದರೆ ಫೈಲು ಬೇರೆ. ಹೊಸ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಎ, ಬಿ ಎಂದು ಎರಡು ಭಾಗ, ಒಂದು ಹಾಜರುಪಡಿಸುವವರದು, ಇನ್ನೊಂದು ತಜ್ಞರದು. ಎರಡರಲ್ಲೂ ಫೈಲಿನ ಹ್ಯಾಶ್ ಬರೆಯಬೇಕು. ಹ್ಯಾಶ್ ಎಂದರೆ ಫೈಲಿನ ಹೆಬ್ಬೆಟ್ಟು ಎಂದುಕೋ, ಒಂದು ಚುಕ್ಕೆ ಬದಲಾದರೂ ಹೆಬ್ಬೆಟ್ಟು ಬೇರೆಯಾಗುತ್ತದೆ. ವೈರಿನಿಂದ ನೇರ ಇಳಿಸಿಕೋ, ಅವರೆದುರೇ ಎಸ್‌ಎಚ್‌ಎ-256 ತೆಗೆದು ಪುಸ್ತಕದಲ್ಲಿ ಬರೆ, ಫೋನು ಮಾರಬೇಡಿ, ಅಳಿಸಬೇಡಿ ಎಂದು ಹೇಳಿ ಕಳಿಸು. ಪ್ರಮಾಣಪತ್ರವಿಲ್ಲದ ನಕಲು ನಿಲ್ಲುವುದಿಲ್ಲ ಎಂದು ಹಳೆ ಅಧಿನಿಯಮದ ಕಾಲದಲ್ಲೇ ಸುಪ್ರೀಂ ಕೋರ್ಟು 2014ರಲ್ಲಿ ಅನ್ವರ್ ಪ್ರಕರಣದಲ್ಲಿ ಹೇಳಿತು, 2020ರಲ್ಲಿ ಖೋತ್ಕರ್ ಪ್ರಕರಣದಲ್ಲಿ ಮತ್ತೆ ಗಟ್ಟಿ ಮಾಡಿತು. ವಾದ ವಕೀಲರದು, ಫೈಲು ಕೆಡದಂತೆ ಇಡುವುದು ನಿನ್ನದು.

ಅಪ್‌ಡೇಟ್ ಬಂದರೆ "ನಾಳೆ" ಒತ್ತುವ ರೋಗ ನನಗೂ ಇತ್ತು. 2017ರ ಮೇ 12ಕ್ಕೆ ವನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಜಗತ್ತೆಲ್ಲ ಹರಡಿತಲ್ಲ, ಅದು ನುಗ್ಗಿದ ಕಂಡಿಗೆ ಮೈಕ್ರೋಸಾಫ್ಟ್ ಮಾರ್ಚಿನಲ್ಲೇ ತೇಪೆ ಕೊಟ್ಟಿತ್ತು. ಎರಡು ತಿಂಗಳು ನಾಳೆ ಎಂದವರು ಸಿಕ್ಕಿಬಿದ್ದರು. ಮುಂದಿನ ತಿಂಗಳು ನಾಟ್‌ಪೆಟ್ಯಾ ಬಂದಾಗ ಡಿಎಲ್‌ಎ ಪೈಪರ್ ಎಂಬ ಹಲವು ದೇಶಗಳಲ್ಲಿ ಆಫೀಸು ಇಟ್ಟ ವಕೀಲರ ಸಂಸ್ಥೆಯ ಫೋನು, ಇಮೇಲು ನಿಂತವು. ಅವರಿಗೆ ಕಂಪ್ಯೂಟರ್ ಕಾಯಲು ದೊಡ್ಡ ಪಡೆಯೇ ಇತ್ತು, ನಮಗೆ ನೀನೊಬ್ಬಳು. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮೂಲೆಯ ಕಂಪ್ಯೂಟರಿನಲ್ಲಿ ಅದೇ ಇದೆ, ಅದಕ್ಕೇ ಅದರ ನೆಟ್ ವೈರು ಕತ್ತರಿಸಿದ್ದೇನೆ. ಯಾರಾದರೂ ಜೋಡಿಸಲು ಬಂದರೆ ಕೈ ಹಿಡಿ. ಮದುವೆ ಕರೆಯೋಲೆ, ಸಂಚಾರ ದಂಡದ ಚಲನ್ ಎಂದು ಫೋನಿಗೆ ಬರುವ ಎಪಿಕೆ ಫೈಲು ಒತ್ತಬೇಡ ಎಂದು ನಿನಗೆ ಹೇಳಬೇಕಿಲ್ಲ, ನಮ್ಮ ವಕೀಲರಿಗೆ ಹೇಳಬೇಕು. ಎಂದಾದರೂ ಪರದೆಯ ಮೇಲೆ ಹಣ ಕೇಳುವ ಬರಹ ಬಂದರೆ ಮೊದಲು ನೆಟ್ ವೈರು ಕೀಳು, ವೈಫೈ ಆರಿಸು, ಪರದೆಯ ಫೋಟೋ ತೆಗೆ, ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನು ಮಾಡು. ಫಾರ್ಮ್ಯಾಟ್ ಮಾಡಿಕೊಡುತ್ತೇನೆ ಎನ್ನುವ ರಿಪೇರಿಯವನನ್ನು ಹೊರಗೆ ಕೂರಿಸಿ ಚಹಾ ಕೊಡು.

ಕಷ್ಟದ ಕೆಲಸ ಇದಾವುದೂ ಅಲ್ಲ. ದೊಡ್ಡವರಿಗೆ ಬೇಡ ಎನ್ನುವುದು ಕಷ್ಟ. ನಮ್ಮ ವಕೀಲರ ಇಮೇಲಿಗೆ ಮೊಮ್ಮಗನ ಹೆಸರೇ ಪಾಸ್‌ವರ್ಡ್ ಆಗಿತ್ತು. ಅವರ ಡಿಜಿಟಲ್ ಸಹಿಯ ಟೋಕನ್ನು ನನ್ನ ಮೇಜಿನ ಖಾನೆಯಲ್ಲಿ, ಪಿನ್ ಬರೆದ ಚೀಟಿ ಅದಕ್ಕೇ ಅಂಟಿಸಿ. ಎದುರು ನಿಂತು ತಪ್ಪು ಎನ್ನಲು ನನಗೆ ಬಾಯಿ ಬರಲಿಲ್ಲ. ಒಂದು ಖಾಲಿ ಛಾಪಾ ಕಾಗದ ತಂದು, "ಇದರ ಕೆಳಗೆ ಸಹಿ ಹಾಕಿ ನನ್ನ ಹತ್ತಿರ ಇಟ್ಟಿರಿ" ಎಂದೆ. ಕನ್ನಡಕದ ಮೇಲಿನಿಂದ ನೋಡಿದರು. "ಆ ಟೋಕನ್ನೂ ಇದೇ ಅಲ್ಲವೇ" ಎಂದೆ. ಅಂದೇ ಸಂಜೆ ಟೋಕನ್ ಅವರ ಬ್ಯಾಗಿಗೆ ಹೋಯಿತು. ಅವರಿಗೆ ಕಂಪ್ಯೂಟರಿನ ಭಾಷೆ ಹೇಳಬೇಡ, ಕಾಗದದ ಭಾಷೆ ಹೇಳು. ಇನ್ನೊಂದು: ಜೂನಿಯರುಗಳು ಬರುತ್ತಾರೆ, ಸ್ವಂತ ಆಫೀಸು ಮಾಡಿ ಹೋಗುತ್ತಾರೆ. ಹೋದವರ ಫೋನಿನಲ್ಲಿ ನಮ್ಮ ಇಮೇಲು ಎಂಟು ತಿಂಗಳು ತೆರೆದೇ ಇದ್ದದ್ದು ಒಮ್ಮೆ ಗೊತ್ತಾಯಿತು. ಆತ ಆಗಲೇ ಒಂದು ಕೇಸಿನಲ್ಲಿ ನಮ್ಮ ಎದುರಿಗೆ ವಕಾಲತ್ತು ಹಾಕಿದ್ದ. ಓದಿದ್ದನೋ ಇಲ್ಲವೋ, ನಾನು ಕೇಳಲಿಲ್ಲ. ಬೀಳ್ಕೊಡುಗೆಯ ಕೇಸರಿಬಾತ್ ತಿನ್ನುವ ದಿನವೇ ಪಾಸ್‌ವರ್ಡ್ ಬದಲಿಸು, ಎಲ್ಲ ಸಾಧನಗಳಿಂದ ಲಾಗ್ ಔಟ್ ಒತ್ತು. ನಾನು ಹೋಗುವ ದಿನ ನನ್ನದನ್ನೂ.

ಅಟ್ಟದ ಮೇಲೆ ಗೋಣಿಚೀಲದಲ್ಲಿ ಆರು ಸತ್ತ ಹಾರ್ಡ್‌ಡಿಸ್ಕ್ ಇವೆ. ಗುಜರಿಯವನು ತಿಂಗಳಿಗೊಮ್ಮೆ ಕೇಳುತ್ತಾನೆ. ಸತ್ತ ಡಿಸ್ಕಿನಿಂದಲೂ ಮಾತು ಹೊರಡಿಸುವವರಿದ್ದಾರೆ. ಬಡಗಿಯನ್ನು ಕರೆದು ಒಂದೊಂದಕ್ಕೂ ನಾಲ್ಕು ತೂತು ಹೊಡೆಸಿ, ಆಮೇಲೆ ಕೊಡು. ರಿಪೇರಿಗೆ ಕಂಪ್ಯೂಟರ್ ಹೋಗುವಾಗಲೂ ಡಿಸ್ಕು ಬಿಚ್ಚಿಟ್ಟುಕೊಂಡೇ ಕಳಿಸು.

ಕೆಂಪು ಡಿಸ್ಕು ಕಪಾಟಿನಲ್ಲಿದೆ. ಹಸಿರಿನದು ಈ ವಾರ ನನ್ನ ಮನೆಯಲ್ಲಿ, ಅಕ್ಕಿ ಡಬ್ಬದ ಹಿಂದೆ. ಬರುವ ಮಂಜುನಾಥವಾರ ಬಂದು ತೆಗೆದುಕೊಂಡು ಹೋಗು. ಮಧ್ಯಾಹ್ನದ ಊಟ ಇಲ್ಲೇ, ನಿನ್ನ ಅತ್ತೆ ಅಪ್ಪೆಹುಳಿ ಮಾಡುತ್ತಾಳಂತೆ.